‘ಸಿಗ್ನಲ್ ಇಲ್ಲ’ – ಪರದೆ ಮಾತು ಕಲಿತ ಬಗೆ

ಗಣಕಯಂತ್ರದ ಗುಂಡಿಯನ್ನು ಒತ್ತಿದೊಡನೆ ಪರದೆಯ ಮೇಲೆ ‘ನೋ ಸಿಗ್ನಲ್’ ಎಂಬ ಎರಡು ಪದಗಳು ಮೂಡಿ, ಕೆಲವು ಕ್ಷಣ ತೇಲಾಡಿ ಮರೆಯಾದರೆ, ನಮ್ಮಲ್ಲಿ ಹೆಚ್ಚಿನವರ ತೀರ್ಪು ಒಂದೇ: “ಮಾನಿಟರ್ ಹೋಯಿತು.” ಆದರೆ ಹೋದ ಮಾನಿಟರ್ ಏನನ್ನೂ ಹೇಳಲಾರದು. “ನನಗೆ ವಿದ್ಯುತ್ತು ಬರುತ್ತಿದೆ, ನಾನು ಎಚ್ಚರವಾಗಿದ್ದೇನೆ, ತೋರಿಸಬೇಕಾದ ಚಿತ್ರ ಮಾತ್ರ ನನ್ನವರೆಗೆ ಬಂದಿಲ್ಲ” ಎಂಬುದೇ ಆ ಎರಡು ಪದಗಳ ತಾತ್ಪರ್ಯ. ಪರದೆಗೆ ಈ ಮಾತು ಬಂದದ್ದು ಹೇಗೆಂಬ ಚರಿತ್ರೆಯನ್ನು ತಿಳಿದರೆ ದೋಷವನ್ನು ಎಲ್ಲಿಂದ ಹುಡುಕಬೇಕೆಂಬುದೂ ತಿಳಿಯುತ್ತದೆ. ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರು ಈಗ ಸ್ವತಃ ಶಾಲಾ ಶಿಕ್ಷಕರು. ಈ ಬರಹ ವಿಶೇಷವಾಗಿ ಅವರಿಗೆ.

ನಮ್ಮ ಭಾಗದವರಿಗೆ ಸಿಗ್ನಲ್ ಎಂಬ ಪದಾರ್ಥದ ಪರಿಚಯವಾದದ್ದು ಕಿವಿಯಿಂದ. ಭದ್ರಾವತಿಯಲ್ಲಿ ಆಕಾಶವಾಣಿ ಕೇಂದ್ರ ಆರಂಭವಾದದ್ದು 1965ರಲ್ಲಿ. ರೇಡಿಯೋ ಕರಕರ ಎಂದರೆ ಮುಳ್ಳನ್ನು ತುಸು ಆಚೀಚೆ ತಿರುಗಿಸುತ್ತಿದ್ದೆವೇ ಹೊರತು ಪೆಟ್ಟಿಗೆಯನ್ನೇ ಎಸೆಯುತ್ತಿರಲಿಲ್ಲ. ಕಣ್ಣಿಗೆ ಕಾಣುವ ಸಿಗ್ನಲ್ ಮೊದಲು ಬಂದದ್ದು ಕರ್ನಾಟಕದ ಉತ್ತರದ ಹಳ್ಳಿಗಳಿಗೆ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ನಡೆದ ಉಪಗ್ರಹ ಶೈಕ್ಷಣಿಕ ದೂರದರ್ಶನ ಪ್ರಯೋಗದಲ್ಲಿ, ಅಂದರೆ ‘ಸೈಟ್’ ಯೋಜನೆಯಲ್ಲಿ, ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ಅಮೆರಿಕದ ಎಟಿಎಸ್-6 ಉಪಗ್ರಹದ ಮೂಲಕ ನೇರವಾಗಿ ಚಿತ್ರ ಕಳುಹಿಸಲಾಯಿತು. ಕರ್ನಾಟಕದಲ್ಲಿ ಆಯ್ಕೆಯಾದವು ಅಂದಿನ ವಿಜಾಪುರ, ಗುಲ್ಬರ್ಗ ಮತ್ತು ರಾಯಚೂರು ಜಿಲ್ಲೆಗಳ ಹಳ್ಳಿಗಳು. ಕನ್ನಡಕ್ಕೂ ತೆಲುಗಿಗೂ ಚಿತ್ರ ಒಂದೇ, ಧ್ವನಿಯ ವಾಹಿನಿಗಳು ಮಾತ್ರ ಎರಡು!

ಭೂಮಿಯಿಂದ ಸುಮಾರು 36,000 ಕಿಲೋಮೀಟರ್ ಎತ್ತರದಿಂದ ಇಳಿದು ಬರುತ್ತಿದ್ದ ಆ ಸಂಕೇತವನ್ನು ಹಿಡಿಯಲು ಹಳ್ಳಿಯಲ್ಲಿ ಇದ್ದದ್ದು ಕೋಳಿಗೂಡಿನ ತಂತಿಬಲೆಯಿಂದ ಮಾಡಿದ, ಮೂರು ಮೀಟರ್ ಅಗಲದ ಒಂದು ಬಟ್ಟಲು. ಅದರ ಕೆಳಗೆ ಸಂಕೇತವನ್ನು ಬದಲಿಸುವ ಒಂದು ಸಣ್ಣ ಉಪಕರಣ, ಅದರಿಂದ ಟೀವಿಗೆ ಒಂದು ಕೇಬಲ್. ಸಂಜೆ ಊರಿಗೆ ಊರೇ ನೆರೆದಿರುವಾಗ ಚಿತ್ರ ಬಾರದಿದ್ದರೆ ಉಪಗ್ರಹವನ್ನು ದೂರಬೇಕೋ, ತಂತಿಬಲೆಯನ್ನೋ, ಕೇಬಲನ್ನೋ, ಪೆಟ್ಟಿಗೆಯನ್ನೋ? ನೋಡುತ್ತಿದ್ದವರಿಗೆ ತಿಳಿಯುವ ಉಪಾಯವಿರಲಿಲ್ಲ. ರಿಪೇರಿಗೆಂದೇ ಪ್ರತ್ಯೇಕ ಕೇಂದ್ರಗಳ ಏರ್ಪಾಡು ಮಾಡಬೇಕಾಯಿತು. ನನ್ನ ದೃಷ್ಟಿಯಲ್ಲಿ ಸೈಟ್ ಯೋಜನೆಯ ಅರ್ಧ ಸಾಧನೆ ಆಕಾಶದಲ್ಲಿ ಆದದ್ದಾದರೆ ಉಳಿದರ್ಧ ಕೆಟ್ಟ ಪೆಟ್ಟಿಗೆಯನ್ನು ಹುಡುಕಿಕೊಂಡು ಹೋದವರದ್ದು.

ಬೆಂಗಳೂರು ದೂರದರ್ಶನ ಕೇಂದ್ರ ಆರಂಭವಾದದ್ದು 1981ರ ನವೆಂಬರ್ 1ರಂದು. ಆ ದಶಕದಲ್ಲಿ ಮಲೆನಾಡಿನ ಹೆಂಚಿನ ಮನೆಗಳ ಮೇಲೆ ಎದ್ದ ಆಂಟೆನಾಗಳನ್ನು ನೀವು ಮರೆತಿರಲಾರಿರಿ. ಮೇಲೊಬ್ಬ ತಿರುಗಿಸುವವನು, ಕಿಟಕಿಯ ಬಳಿ ಒಬ್ಬ ಸುದ್ದಿ ಮುಟ್ಟಿಸುವವನು: “ಬಂತು, ಬಂತು… ಅಯ್ಯೋ, ಹೋಯ್ತು!” ಚಿತ್ರ ಹೋದಾಗ ಉಳಿಯುತ್ತಿದ್ದದ್ದು ಕಪ್ಪು ಬಿಳುಪಿನ ಚುಕ್ಕೆಗಳ ಕುದಿತ. ಆ ಚುಕ್ಕೆಗಳಲ್ಲಿ ಒಂದು ಅಲ್ಪ ಭಾಗ ವಿಶ್ವದ ಆದಿಕಾಲದಿಂದ ಉಳಿದುಬಂದ ವಿಕಿರಣವೆಂಬುದನ್ನು ಎಷ್ಟು ಮಂದಿ ಬಲ್ಲರು! 1964ರಲ್ಲಿ ಪೆನ್ಜಿಯಾಸ್ ಮತ್ತು ವಿಲ್ಸನ್ ಎಂಬಿಬ್ಬರು ತಮ್ಮ ಆಂಟೆನಾದ ಗದ್ದಲಕ್ಕೆ ಕಾರಣ ಹುಡುಕುತ್ತ, ಅದರೊಳಗಿನ ಪಾರಿವಾಳದ ಹಿಕ್ಕೆಯನ್ನೂ ತೊಳೆದು ನೋಡಿ, ಕಡೆಗೆ ಮುಟ್ಟಿದ್ದು ಈ ವಿಕಿರಣವನ್ನೇ. 1978ರಲ್ಲಿ ಅವರಿಗೆ ನೊಬೆಲ್ ಬಂತು. ದೋಷ ಹುಡುಕುವ ಕೆಲಸವನ್ನು ಹಗುರವಾಗಿ ಕಾಣುವವರಿಗೆ ಈ ಪ್ರಸಂಗವನ್ನು ಹೇಳುವುದುಂಟು.

ಶಾಲೆಗಳಿಗೆ ಗಣಕಯಂತ್ರ ಬಂದಾಗಲೂ ಪರದೆ ಮೊದಮೊದಲು ಮೂಕವೇ ಆಗಿತ್ತು. ಕೇಂದ್ರ ಸರ್ಕಾರದ ‘ಕ್ಲಾಸ್’ ಯೋಜನೆಯಡಿ 1984-85ರಿಂದ ದೇಶದ ಆಯ್ದ ಶಾಲೆಗಳಿಗೆ ಬಂದ ಬಿಬಿಸಿ ಮೈಕ್ರೋ ಯಂತ್ರ, ಚಾಲೂ ಮಾಡಿದೊಡನೆ ಎರಡು ಸ್ವರದಲ್ಲಿ ಕೂಗುತ್ತಿತ್ತು. ಪರದೆ ಕಪ್ಪಾಗಿದ್ದರೂ ಆ ಕೂಗು ಕೇಳಿತೆಂದರೆ ಯಂತ್ರ ಬದುಕಿದೆ ಎಂದರ್ಥ. 1981ರ ಐಬಿಎಂ ಪಿಸಿ ಈ ಉಪಾಯವನ್ನು ಇನ್ನಷ್ಟು ಬೆಳೆಸಿತು. ಯಂತ್ರವು ಮೊದಲು ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುತ್ತದೆ. ಎಲ್ಲವೂ ಸರಿಯಿದ್ದರೆ ಒಂದು ಚಿಕ್ಕ ಬೀಪ್, ಚಿತ್ರ ಕಳುಹಿಸುವ ಭಾಗದಲ್ಲಿ ತೊಂದರೆಯಿದ್ದರೆ ಒಂದು ಉದ್ದ, ಎರಡು ಗಿಡ್ಡ. ಕಣ್ಣಿಗೆ ತೋರಿಸಲಾಗದ ದೋಷವನ್ನು ಕಿವಿಗೆ ಹೇಳುವ ಈ ಜಾಣ್ಮೆಗೆ ನಾನು ಇಂದಿಗೂ ಮಾರುಹೋಗಿದ್ದೇನೆ.

ಮುಂದೆ 1987ರಲ್ಲಿ ಐಬಿಎಂ ಸಂಸ್ಥೆಯೇ ತಂದ ವಿಜಿಎ ಎಂಬ ವ್ಯವಸ್ಥೆ ನಮ್ಮ ಶಾಲೆ, ಕಚೇರಿಗಳಲ್ಲಿ ಬಹುಕಾಲ ಆಳಿತು. ನೀಲಿ ಬಣ್ಣದ ಕೊಂಡಿ, ಮೂರು ಸಾಲಿನಲ್ಲಿ 15 ಪಿನ್ನಿನ ಜಾಗ. ಕೆಂಪು, ಹಸಿರು, ನೀಲಿಗೆ ಒಂದೊಂದು ತಂತಿ. ಗೆರೆಯನ್ನು ಯಾವಾಗ ಆರಂಭಿಸಬೇಕು, ಪುಟವನ್ನು ಯಾವಾಗ ಆರಂಭಿಸಬೇಕು ಎಂದು ತಾಳ ಹಾಕಲು ಇನ್ನೆರಡು. ಈ ತಾಳ ನಿಂತರೆ ಮಾನಿಟರ್ ನಿದ್ರೆಗೆ ಜಾರಬೇಕೆಂಬ ನಿಯಮ 1993ರಲ್ಲಿ ಬಂತು. ವಿದ್ಯುತ್ ಉಳಿತಾಯ ಅದರ ಉದ್ದೇಶ. ಮರುವರ್ಷ ಮಾನಿಟರ್ ತನ್ನ ಹೆಸರನ್ನೂ ಅಳತೆಯನ್ನೂ ಗಣಕಕ್ಕೆ ತಿಳಿಸುವ ಕ್ರಮವೂ ಜಾರಿಯಾಯಿತು. ಆವರೆಗೆ ಒಂದೇ ದಿಕ್ಕಿಗೆ ಹರಿಯುತ್ತಿದ್ದದ್ದು ಸಂಭಾಷಣೆಯಾಯಿತು. ಆ ದಶಕದಲ್ಲಿ ಮಾನಿಟರಿನೊಳಗೂ ಒಂದು ಪುಟ್ಟ ಗಣಕ ಸೇರಿಕೊಂಡಿತು. ತಾಳ ಕೇಳಿಸದಿದ್ದಾಗ ಸುಮ್ಮನೆ ಮಲಗುವ ಬದಲು ‘ಸಿಗ್ನಲ್ ಇಲ್ಲ’ ಎಂದು ಬರೆದು ಮಲಗುವ ಶಕ್ತಿ ಅದಕ್ಕೆ ಬಂದದ್ದು ಹೀಗೆ.

ಕರ್ನಾಟಕದಲ್ಲಿ 2001ರ ಸುಮಾರಿಗೆ ಆರಂಭವಾದ ‘ಮಾಹಿತಿ ಸಿಂಧು’ ಯೋಜನೆ ಸರ್ಕಾರಿ ಪ್ರೌಢಶಾಲೆಗಳಿಗೆ ಗಣಕಗಳನ್ನು ತಂದಿತು. ಯಂತ್ರ ಬಂದಷ್ಟು ಸುಲಭವಾಗಿ ಅದರ ಆರೈಕೆಯ ವಿದ್ಯೆ ಬರಲಿಲ್ಲವೆಂಬುದು ಆ ಕಾಲದ ಶಿಕ್ಷಕರೆಲ್ಲರೂ ಒಪ್ಪುವ ಮಾತು. ತ್ಯಾವರೆಕೊಪ್ಪದ ಸುತ್ತಿನ ಮಳೆ ನಿಮಗೆ ಗೊತ್ತಿದೆ. ಜೂನ್ ಕಳೆದರೆ ಬಾಗಿಲು ಉಬ್ಬುತ್ತದೆ, ಪುಸ್ತಕಕ್ಕೆ ಬೂಷ್ಟು ಹಿಡಿಯುತ್ತದೆ. ಲೋಹದ ಪಿನ್ನುಗಳು ಮಾತ್ರ ಹೊಳೆಯುತ್ತಿರಬೇಕೆಂದರೆ ಹೇಗೆ? ಒಂದು ಹಳ್ಳಿಶಾಲೆಯಲ್ಲಿ, ಹೆಸರು ಬೇಡ, ನಾಲ್ಕು ಮಾನಿಟರುಗಳಿಗೆ ‘ಕೆಟ್ಟಿದೆ’ ಎಂಬ ಚೀಟಿ ಅಂಟಿಸಿ, ಬಟ್ಟೆ ಹೊದಿಸಿ ಕೋಣೆಯ ಮೂಲೆಗೆ ಸೇರಿಸಿದ್ದನ್ನು ಕಂಡಿದ್ದೇನೆ. ನಾಲ್ಕೂ ‘ಸಿಗ್ನಲ್ ಇಲ್ಲ’ ಎಂದೇ ಹೇಳುತ್ತಿದ್ದವು. ಪರೀಕ್ಷಿಸಿದಾಗ ಮಾನಿಟರುಗಳಲ್ಲಿ ಒಂದಕ್ಕೂ ದೋಷವಿರಲಿಲ್ಲ: ಎರಡಕ್ಕೆ ಕೇಬಲ್ ಸಡಿಲ, ಒಂದಕ್ಕೆ ಬಗ್ಗಿದ ಪಿನ್, ಇನ್ನೊಂದರ ಗಣಕದಲ್ಲಿ ಧೂಳು ಹಿಡಿದ ರ‍್ಯಾಮ್. ಅಷ್ಟರಲ್ಲಿ ಹತ್ತನೆಯ ತರಗತಿಯ ಒಂದು ತಂಡ ಗಣಕವನ್ನು ಮುಟ್ಟದೆಯೇ ಶಾಲೆ ಬಿಟ್ಟು ಹೋಗಿತ್ತು. ಆ ಮಕ್ಕಳಲ್ಲಿ ಎಷ್ಟೋ ಮಂದಿಗೆ ಮನೆಯಲ್ಲಿ ಬೇರೆ ಗಣಕವಿರಲಿಲ್ಲ.

ಆದ್ದರಿಂದ ಹುಡುಕುವ ಕ್ರಮವನ್ನು ಹೇಳುತ್ತೇನೆ. ಮೊದಲು ಮಾನಿಟರಿನ ಕೇಬಲನ್ನು ಗಣಕದ ಕಡೆಯಿಂದ ಪೂರ್ತಿ ಕಳಚಿ, ಮಾನಿಟರನ್ನು ಆರಿಸಿ ಮತ್ತೆ ಹಚ್ಚಿರಿ. ಆಗಲೂ ಅದು ಏನಾದರೊಂದು ಸೂಚನೆ ಬರೆದರೆ ಪರದೆ ಜೀವಂತವೆಂಬುದು ಖಚಿತ. ಅನಂತರ ಮಾನಿಟರಿನ ಗುಂಡಿಗಳಲ್ಲಿ ಯಾವ ದ್ವಾರವನ್ನು ಆಯ್ದಿದೆಯೆಂದು ನೋಡಿರಿ. ಕೇಬಲ್ ಒಂದರಲ್ಲಿ, ಕಿವಿ ಇನ್ನೊಂದರಲ್ಲಿ ಇರುವುದು ಬಹಳ ಸಾಮಾನ್ಯ. ಕೇಬಲನ್ನು ಎರಡೂ ತುದಿಯಲ್ಲಿ ಬಿಚ್ಚಿ ಪಿನ್ನುಗಳನ್ನು ಎಣಿಸಿರಿ. ವಿಜಿಎ ಕೇಬಲಿನಲ್ಲಿ 9ನೆಯ ಪಿನ್ ಇಲ್ಲದಿದ್ದರೆ ಗಾಬರಿ ಬೇಡ, ಅನೇಕ ಕೇಬಲುಗಳಲ್ಲಿ ಅದನ್ನು ಬೇಕೆಂದೇ ಬಿಟ್ಟಿರುತ್ತಾರೆ. ಗಣಕದಲ್ಲಿ ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇದ್ದರೆ ಕೇಬಲ್ ಸೇರಬೇಕಾದದ್ದು ಸಾಮಾನ್ಯವಾಗಿ ಆ ಕಾರ್ಡಿಗೆ. ಇಷ್ಟಾದರೂ ಫಲವಿಲ್ಲದಿದ್ದರೆ ಬೀಪ್ ಕೇಳಿರಿ. ಇತ್ತೀಚಿನ ಅನೇಕ ಯಂತ್ರಗಳಲ್ಲಿ ಬೀಪ್ ಹೋಗಿ ಪುಟ್ಟ ದೀಪಗಳು ಬಂದಿವೆ. ಕಡೆಯದಾಗಿ ಗಣಕದ ಪ್ಲಗ್ ಕಿತ್ತು, ಪೆಟ್ಟಿಗೆಯ ಲೋಹವನ್ನೊಮ್ಮೆ ಮುಟ್ಟಿ, ರ‍್ಯಾಮ್ ಪಟ್ಟಿಯನ್ನು ಹೊರತೆಗೆದು ಅದರ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಮೃದುವಾಗಿ ಉಜ್ಜಿ, ಪುಡಿಯನ್ನು ಕೊಡವಿ ಮತ್ತೆ ಕೂಡಿಸಿರಿ. ಹಳೆಯ ದಪ್ಪ ಮಾನಿಟರನ್ನು ಮಾತ್ರ ಯಾವ ಕಾರಣಕ್ಕೂ ಬಿಚ್ಚಕೂಡದು. ಪ್ಲಗ್ ಕಿತ್ತ ಮೇಲೂ ಅದರ ಗಾಜಿನ ಕೊಳವೆಯಲ್ಲಿ ಸಾವಿರಾರು ವೋಲ್ಟ್ ಉಳಿದಿರಬಹುದು.

2010ರ ಡಿಸೆಂಬರಿನಲ್ಲಿ ಇಂಟೆಲ್, ಎಎಂಡಿ ಮೊದಲಾದ ಸಂಸ್ಥೆಗಳು ವಿಜಿಎಯನ್ನು 2015ರ ಹೊತ್ತಿಗೆ ಕೈಬಿಡುವುದಾಗಿ ಸಾರಿದವು. 2002ರ ಕೊನೆಯಲ್ಲಿ ಸಿದ್ಧವಾದ ಎಚ್‌ಡಿಎಂಐ ಬಹುಮಟ್ಟಿಗೆ ಅದರ ಜಾಗವನ್ನು ಹಿಡಿದಿದೆ. ಹಾಗೆಂದು ಶಾಲೆಗಳಲ್ಲಿರುವ ಹಳೆಯ ಮಾನಿಟರುಗಳು ನಿರುಪಯುಕ್ತವಲ್ಲ. ಹೊಸ ಗಣಕಕ್ಕೆ ಅವನ್ನು ಜೋಡಿಸಲು ಪರಿವರ್ತಕ ಸಿಗುತ್ತದೆ. ಆದರೆ ಶಿವಮೊಗ್ಗದ ಅಂಗಡಿಗೆ ಹೋದಾಗ ದಿಕ್ಕನ್ನು ಸ್ಪಷ್ಟವಾಗಿ ಹೇಳಿರಿ: ಗಣಕದ ಕಡೆ ಎಚ್‌ಡಿಎಂಐ, ಮಾನಿಟರಿನ ಕಡೆ ವಿಜಿಎ. ಒಂದು ಅಂಕಿಗಳ ಭಾಷೆ, ಇನ್ನೊಂದು ಏರಿಳಿಯುವ ವೋಲ್ಟೇಜಿನ ಭಾಷೆ. ನಡುವೆ ಕುಳಿತ ಅನುವಾದಕನಿಗೆ ಸಾಮಾನ್ಯವಾಗಿ ಒಂದೇ ದಿಕ್ಕಿನ ಅನುವಾದ ಗೊತ್ತು. ಉಲ್ಟಾ ಪರಿವರ್ತಕವನ್ನು ತಂದು ಹಾಕಿದರೆ ಮಾನಿಟರ್ ಮತ್ತೆ ತನ್ನ ಹಳೆಯ ಎರಡು ಪದಗಳನ್ನೇ ಬರೆದು ಮಲಗುತ್ತದೆ.