ಬಂಜೆತನ ಮತ್ತು ಸಂತಾನ ಚಿಕಿತ್ಸೆ: ಉತ್ತರ ಕನ್ನಡ ಕರಾವಳಿಯ ನೆಲೆಯಿಂದ ಇತಿಹಾಸ

ಬಂಜೆತನ ಎಂದರೆ ಗಂಡ ಹೆಂಡತಿ ಯಾವ ಗರ್ಭನಿರೋಧಕವನ್ನೂ ಬಳಸದೆ ಹನ್ನೆರಡು ತಿಂಗಳು ಕೂಡಿ ಬಾಳಿದರೂ ಬಸಿರು ನಿಲ್ಲದ ಸ್ಥಿತಿ. ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಕಾಯಿಲೆಯೆಂದೇ ಪರಿಗಣಿಸುತ್ತದೆ. ಜಗತ್ತಿನಲ್ಲಿ ಆರು ಜನರಲ್ಲಿ ಒಬ್ಬರು ಬದುಕಿನ ಯಾವುದೋ ಘಟ್ಟದಲ್ಲಿ ಇದನ್ನು ಅನುಭವಿಸುತ್ತಾರೆ ಎಂಬುದು ಸಂಸ್ಥೆಯ 2023ರ ವರದಿಯ ಅಂದಾಜು. ಕಾರಣ ಹೆಣ್ಣಿನಲ್ಲಿರಬಹುದು, ಗಂಡಿನಲ್ಲಿರಬಹುದು, ಇಬ್ಬರಲ್ಲೂ ಇರಬಹುದು. ಎಷ್ಟು ಪರೀಕ್ಷೆ ಮಾಡಿದರೂ ಕಾಣದೆ ಹೋಗಬಹುದು. ಆದರೆ ಕನ್ನಡದಲ್ಲಿ ‘ಬಂಜೆ’ ಎಂದರೆ ಹೆಣ್ಣು ಮಾತ್ರ. ಸಂಸ್ಕೃತದ ‘ವಂಧ್ಯಾ’ದಿಂದ ಬಂದ ಈ ಪದಕ್ಕೆ ಪುಲ್ಲಿಂಗ ರೂಪವಿಲ್ಲ. ‘ಷಂಡ’ ಎಂಬುದು ಬೇರೆ ಮಾತು, ಬೇರೆ ದೋಷ. ಈ ವಿಷಯದ ಇತಿಹಾಸದ ಬಹುಭಾಗ ಇರುವುದು ಪದಕೋಶದ ಈ ಓರೆಯಲ್ಲೇ.

ಹರಕೆ, ಶಾಸ್ತ್ರ, ಸೊತ್ತು

ಭಟ್ಕಳದ ಬೆಳಕೆಯಿಂದ ಹೊನ್ನಾವರ, ಕುಮಟಾವರೆಗಿನ ಕರಾವಳಿಯಲ್ಲಿ ಮಕ್ಕಳಾಗದ ದಂಪತಿ ವೈದ್ಯರಿಗಿಂತ ಮೊದಲು ಕಾಣುತ್ತಿದ್ದುದು ದೇವರನ್ನು. ನಾಗಬನಕ್ಕೆ ಹಾಲೆರೆಯುವುದು, ಅಶ್ವತ್ಥ ಕಟ್ಟೆ ಸುತ್ತುವುದು, ನಾಗರಕಲ್ಲು ಪ್ರತಿಷ್ಠೆ ಮಾಡಿಸುವುದು, ದರ್ಗಾಕ್ಕೆ ಹರಕೆ ಹೊರುವುದು ಇಂದಿಗೂ ನಿಂತಿಲ್ಲ. ಸಂತಾನವಿಲ್ಲದಿರುವುದಕ್ಕೆ ಸರ್ಪದೋಷವೋ ಪಿತೃದೋಷವೋ ಕಾರಣ ಎಂಬ ನಂಬಿಕೆಯಿಂದ ಕುಮಟಾ ತಾಲ್ಲೂಕಿನ ಗೋಕರ್ಣದಲ್ಲಿ ನಾಗಬಲಿ, ನಾರಾಯಣಬಲಿಗಳೂ ದಕ್ಷಿಣದ ಕುಕ್ಕೆ ಸುಬ್ರಹ್ಮಣ್ಯದಲ್ಲಿ ಸರ್ಪಸಂಸ್ಕಾರ, ಆಶ್ಲೇಷಾಬಲಿಗಳೂ ನಡೆಯುತ್ತವೆ. ಘಟ್ಟದ ಮೇಲೆ ಚನ್ನಪಟ್ಟಣದ ಬಳಿಯ ದೊಡ್ಡಮಳೂರಿನಲ್ಲಿ ಅಂಬೆಗಾಲು ಕೃಷ್ಣನಿಗೆ ಪುಟ್ಟ ತೊಟ್ಟಿಲು ಒಪ್ಪಿಸುತ್ತಾರೆ. ಈ ಆಚರಣೆಗಳ ಬಗ್ಗೆ ಒಂದು ಮಾತು ಹೇಳಲೇಬೇಕು: ದೋಷವನ್ನು ಹಾವಿನ ಮೇಲೆ, ಸತ್ತ ಹಿರಿಯರ ಮೇಲೆ ಹಾಕಿದ್ದರಿಂದ ಅದು ಸ್ವಲ್ಪಮಟ್ಟಿಗಾದರೂ ಸೊಸೆಯ ತಲೆಯಿಂದ ಇಳಿಯುತ್ತಿತ್ತು, ಬಲಿಗೆ ಗಂಡನೂ ಜೊತೆಗೆ ಕೂರಬೇಕಿತ್ತು. ಉಡಿ ತುಂಬುವ ಶಾಸ್ತ್ರಕ್ಕೆ, ತೊಟ್ಟಿಲ ಮನೆಗೆ ಕರೆಯದೆ ಬಿಟ್ಟ ಹೆಂಗಸಿಗೆ ಅಷ್ಟೂ ಆಸರೆ ಇರಲಿಲ್ಲ.

ಆಯುರ್ವೇದ ಗ್ರಂಥಗಳು ಮನೆಯ ಹಿರಿಯರಿಗಿಂತ ನ್ಯಾಯವಂತವಾಗಿದ್ದವು. ಗರ್ಭ ನಿಲ್ಲಲು ಋತು, ಕ್ಷೇತ್ರ, ಅಂಬು, ಬೀಜ ನಾಲ್ಕೂ ಕೂಡಬೇಕು ಎಂದಿತು ಸುಶ್ರುತ ಸಂಹಿತೆ: ಸರಿಯಾದ ಕಾಲ, ಹದವಾದ ನೆಲ, ನೀರು, ಒಳ್ಳೆಯ ಬಿತ್ತ. ಬೇಸಾಯ ಬಲ್ಲವನಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬೀಜದೋಷವನ್ನು ಶಾಸ್ತ್ರ ಒಪ್ಪಿತ್ತು. ಆಯುರ್ವೇದದ ಎಂಟು ಅಂಗಗಳಲ್ಲಿ ಒಂದಾದ ವಾಜೀಕರಣ ಗಂಡಸಿಗೆಂದೇ ಇತ್ತು. ಆದರೂ ಮೊಳಕೆ ಬಾರದಿದ್ದರೆ ಜನ ಬೈದದ್ದು ನೆಲವನ್ನೇ.

ಪುರಾಣಗಳಲ್ಲಿ ಇಂದಿನ ಚಿಕಿತ್ಸೆಯನ್ನು ಹುಡುಕುವ ಚಟ ಸಭೆ ಸಮಾರಂಭಗಳಲ್ಲಿ ಹೆಚ್ಚಾಗಿದೆ. ಮಹಾಭಾರತದಲ್ಲಿ ಗಾಂಧಾರಿಯ ಮಕ್ಕಳು ಬೆಳೆದ ತುಪ್ಪದ ಕೊಡಗಳು ಪ್ರಯೋಗಾಲಯವಲ್ಲ. ಆ ಕಥೆಗಳು ತೋರುವುದು ತಂತ್ರವನ್ನಲ್ಲ, ಹಂಬಲವನ್ನು. ಜೊತೆಗೆ ವಂಶಕ್ಕಾಗಿ ಮೂರನೆಯವರನ್ನು ಒಳಗೆ ಕರೆಯಬಹುದೇ ಎಂಬ ಹಳೆಯ ಪ್ರಶ್ನೆಯನ್ನು. ವ್ಯಾಸನಿಂದಾದ ನಿಯೋಗ ಅದಕ್ಕೆ ಒಂದು ಉತ್ತರ. ಮಹಾವೀರನ ಭ್ರೂಣ ಒಬ್ಬ ತಾಯಿಯಿಂದ ಇನ್ನೊಬ್ಬಳಿಗೆ ಸಾಗಿತೆಂಬ ಕಥೆಯನ್ನು ಶ್ವೇತಾಂಬರರು ನಂಬುತ್ತಾರೆ. ಕರ್ನಾಟಕದ ಜೈನರಲ್ಲಿ ಹೆಚ್ಚಿನವರಾದ ದಿಗಂಬರರು ಒಪ್ಪುವುದಿಲ್ಲ.

ಮಕ್ಕಳಿಲ್ಲದಿರುವುದು ಆಸ್ತಿಯ ಪ್ರಶ್ನೆಯೂ ಆಗಿತ್ತು. ಗಂಡುಮಕ್ಕಳಿಲ್ಲದೆ ಸತ್ತವನ ಸೊತ್ತನ್ನು ಕನ್ನಡ ಶಾಸನಗಳು ‘ಅಪುತ್ರಿಕ’ ಎಂದು ಕರೆದವು. ಅದರ ಮೇಲೆ ಅರಮನೆಯ ಕಣ್ಣಿರುತ್ತಿತ್ತು. ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರ ತನ್ನ ಮಿತಾಕ್ಷರದಲ್ಲಿ, ದಾಯಾದಿಗಳಿಂದ ಪಾಲಾಗಿ ಹೋದವನು ಪುತ್ರನಿಲ್ಲದೆ ಸತ್ತರೆ ಸೊತ್ತು ಹೆಂಡತಿಗೆ ಸಲ್ಲಬೇಕು ಎಂದು ವಾದಿಸಿದ. ದತ್ತು ರಾಜ್ಯವನ್ನೇ ಅಲುಗಾಡಿಸಿದ್ದೂ ಉಂಟು. 1824ರಲ್ಲಿ ಕಿತ್ತೂರಿನ ಶಿವಲಿಂಗರುದ್ರಸರ್ಜ ಮಕ್ಕಳಿಲ್ಲದೆ ತೀರಿಕೊಂಡಾಗ ಶಿವಲಿಂಗಪ್ಪನ ದತ್ತನ್ನು ಧಾರವಾಡದ ಕಲೆಕ್ಟರ್ ಥ್ಯಾಕರೆ ಮಾನ್ಯ ಮಾಡಲಿಲ್ಲ. ಇದರಿಂದೆದ್ದ ಅಕ್ಟೋಬರ್ 23ರ ಕದನದಲ್ಲಿ ಥ್ಯಾಕರೆಯೇ ಸತ್ತ. ಮೈಸೂರು ಅರಸರಿಗೆ ಮಕ್ಕಳಾಗದಿರಲಿ ಎಂಬ ಅಲಮೇಲಮ್ಮನ ಶಾಪವಿದೆ ಎಂಬ ಐತಿಹ್ಯವನ್ನು ತಿಳಿಯದ ಕನ್ನಡಿಗರು ಕಡಿಮೆ. ಅಲ್ಲಿ ಶಾಪ ತಟ್ಟಿದ್ದು ಅರಸರಿಗೆ ಎಂಬುದು ಗಮನಿಸಬೇಕಾದ ಸಂಗತಿ. ಊರ ಕಥೆಗಳಲ್ಲಿ ಅದು ರಾಣಿಯರಿಗೆ ಮೀಸಲು.

ಸೂಕ್ಷ್ಮದರ್ಶಕದಿಂದ ಸೂಜಿಯವರೆಗೆ

ವೀರ್ಯಾಣು 1677ರಲ್ಲಿ ಲೀವೆನ್‌ಹುಕ್‌ನ ಮಸೂರದಡಿ ಕಂಡಿತು, ಸಸ್ತನಿಗಳ ಅಂಡಾಣು 1827ರಲ್ಲಿ ಫಾನ್ ಬೇಯರ್‌ಗೆ. ಅಲ್ಲಿಂದ ಚಿಕಿತ್ಸೆಗೆ ಬರಲು ಇನ್ನೂ ನೂರು ವರ್ಷಕ್ಕೂ ಮಿಕ್ಕಿ ಹಿಡಿಯಿತು. ಅಂಡಾಣು ಬಲಿಯುವಂತೆ ಮಾಡುವ ಹಾರ್ಮೋನನ್ನು ಮುಟ್ಟು ನಿಂತ ಹೆಂಗಸರ ಮೂತ್ರದಿಂದ ಬೇರ್ಪಡಿಸಿದರು. ಇಟಲಿಯಲ್ಲಿ ಇದಕ್ಕೆ ಮೂತ್ರ ಕೊಟ್ಟವರು ಮಠಗಳ ವಯಸ್ಸಾದ ಸನ್ಯಾಸಿನಿಯರು. 1962ರಲ್ಲಿ ಈ ಚುಚ್ಚುಮದ್ದಿನಿಂದ ಮೊದಲ ಮಗು ಹುಟ್ಟಿತು.

ಆ ಕಾಲದಲ್ಲಿ ನಮ್ಮ ಸರಕಾರಗಳ ಗಮನ ಪೂರಾ ಎದುರು ದಿಕ್ಕಿಗಿತ್ತು. ಮೈಸೂರು ಸಂಸ್ಥಾನ 1930ರಲ್ಲೇ ಸರಕಾರಿ ಸಂತಾನ ನಿಯಂತ್ರಣ ಚಿಕಿತ್ಸಾಲಯಗಳನ್ನು ತೆರೆದು ಜಗತ್ತಿನಲ್ಲೇ ಮೊದಲನೆಯದೆನಿಸಿತು. ಮುಂದೆ ‘ಆರತಿಗೊಬ್ಬಳು, ಕೀರ್ತಿಗೊಬ್ಬ’ ಎಂಬ ಮಾತು ಮನೆಮಾತಾಯಿತು. ಆ ಒಬ್ಬಳೂ ಒಬ್ಬನೂ ಹುಟ್ಟದ ಮನೆಯನ್ನು ಆರೋಗ್ಯ ಕೇಂದ್ರ ಲೆಕ್ಕಕ್ಕೆ ಹಿಡಿಯಲಿಲ್ಲ. ಆ ಕೊರತೆಯನ್ನು ಅಕ್ಷರದಲ್ಲಾದರೂ ತುಂಬಿದವರು ವೈದ್ಯೆ, ಲೇಖಕಿ ಅನುಪಮಾ ನಿರಂಜನ. ‘ದಾಂಪತ್ಯ ದೀಪಿಕೆ’ಯಂಥ ಪುಸ್ತಕಗಳು ಬಾಯಿಬಿಟ್ಟು ಆಡಲು ನಾಚುವ ವಿಷಯಗಳನ್ನು ತಿಳಿಗನ್ನಡದಲ್ಲಿ ಮನೆಯೊಳಗೆ ತಂದವು.

1978ರ ಜುಲೈ 25ರಂದು ಇಂಗ್ಲೆಂಡಿನ ಓಲ್ಡಮ್‌ನಲ್ಲಿ, ದೇಹದ ಹೊರಗೆ ಫಲಿತಗೊಂಡ ಮೊದಲ ಪ್ರನಾಳ ಶಿಶು ಲೂಯಿಸ್ ಬ್ರೌನ್ ಹುಟ್ಟಿದಳು. ಎಪ್ಪತ್ತು ದಿನಕ್ಕೆ, ಅಕ್ಟೋಬರ್ 3ರಂದು, ಕೋಲ್ಕತ್ತದಲ್ಲಿ ಡಾ. ಸುಭಾಷ್ ಮುಖರ್ಜಿಯವರ ಪ್ರಯತ್ನದಿಂದ ‘ದುರ್ಗಾ’ ಹುಟ್ಟಿದಳು. ಮುಖರ್ಜಿ ಹಾರ್ಮೋನು ಕೊಟ್ಟು ಅಂಡಾಣುಗಳನ್ನು ಬಲಿಸಿದ್ದರು. ಭ್ರೂಣವನ್ನು 53 ದಿನ ಹೆಪ್ಪುಗಟ್ಟಿಸಿ ಇಟ್ಟು ನಂತರದ ಋತುಚಕ್ರದಲ್ಲಿ ಗರ್ಭಕ್ಕೆ ಸೇರಿಸಿದ್ದರು. ಇಂದು ಎಲ್ಲ ಕೇಂದ್ರಗಳಲ್ಲೂ ನಡೆಯುವುದು ಹೆಚ್ಚುಕಡಿಮೆ ಇದೇ. ಆದರೆ ಪಶ್ಚಿಮ ಬಂಗಾಳ ಸರಕಾರ ನೇಮಿಸಿದ ಸಮಿತಿ ಅವರ ಮಾತನ್ನು ನಂಬಲಿಲ್ಲ. ಅವರನ್ನು ಕಣ್ಣಿನ ಸಂಸ್ಥೆಯೊಂದಕ್ಕೆ ವರ್ಗ ಮಾಡಲಾಯಿತು. 1981ರ ಜೂನ್ 19ರಂದು ಅವರು ಆತ್ಮಹತ್ಯೆ ಮಾಡಿಕೊಂಡರು.

ಈ ಕಥೆಯ ಎರಡನೆಯ ಅಧ್ಯಾಯ ಬೆಂಗಳೂರಿನದು. 1986ರ ಆಗಸ್ಟ್ 6ರಂದು ಮುಂಬಯಿಯ ಕೆಇಎಂ ಆಸ್ಪತ್ರೆಯಲ್ಲಿ ಹುಟ್ಟಿದ ಹರ್ಷಾ ದೇಶದ ಮೊದಲ ಪ್ರನಾಳ ಶಿಶು ಎಂದು ದಾಖಲಾಯಿತು. ಅದರ ಹಿಂದಿದ್ದವರು ಡಾ. ಇಂದಿರಾ ಹಿಂದೂಜಾ ಮತ್ತು ವಿಜ್ಞಾನಿ ಟಿ.ಸಿ. ಆನಂದ ಕುಮಾರ್. ಆನಂದ ಕುಮಾರ್ ಮುಂದೆ ಬೆಂಗಳೂರಿಗೆ ಬಂದು ಹೋಪ್ ಇನ್‌ಫರ್ಟಿಲಿಟಿ ಕ್ಲಿನಿಕ್ ನಡೆಸಿದರು. ಮುಖರ್ಜಿಯವರ ಕೈಬರಹದ ಟಿಪ್ಪಣಿಗಳು ಅವರ ಕೈಗೆ ಸಿಕ್ಕವು. ಓದಿದ ಮೇಲೆ 1997ರಲ್ಲಿ, ಬೆಂಗಳೂರಿನಿಂದಲೇ ಹೊರಡುವ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ, ಮೊದಲಿಗ ತಾನಲ್ಲ, ಮುಖರ್ಜಿ ಎಂದು ಬರೆದರು. ತನ್ನ ತಲೆಯ ಕಿರೀಟವನ್ನು ತಾನೇ ತೆಗೆದು ಸತ್ತವನ ಪಟಕ್ಕೆ ಇಟ್ಟ ವಿಜ್ಞಾನಿಗಳು ಹೆಚ್ಚಿಲ್ಲ.

ದಕ್ಷಿಣ ಭಾರತದ ಮೊದಲ ಪ್ರನಾಳ ಶಿಶು 1990ರಲ್ಲಿ ಚೆನ್ನೈನಲ್ಲಿ ಡಾ. ಕಮಲಾ ಸೆಲ್ವರಾಜ್ ಅವರ ಆಸ್ಪತ್ರೆಯಲ್ಲಿ ಹುಟ್ಟಿತು. ಬೆಂಗಳೂರಿನಲ್ಲಿ ಈ ಚಿಕಿತ್ಸೆಯನ್ನು ಬೆಳೆಸಿದ ಡಾ. ಕಾಮಿನಿ ರಾವ್ ಅವರಿಗೆ 2014ರಲ್ಲಿ ಪದ್ಮಶ್ರೀ ಬಂತು. ಗಂಡಸಿನ ಪಾಲಿಗೆ ತಿರುವು ತಂದದ್ದು 1992ರಲ್ಲಿ ಬ್ರಸೆಲ್ಸ್‌ನಿಂದ ವರದಿಯಾದ ಇಕ್ಸಿ ವಿಧಾನ: ಒಂದೇ ಒಂದು ವೀರ್ಯಾಣುವನ್ನು ಸೂಜಿಯಿಂದ ಅಂಡಾಣುವಿನೊಳಗೆ ಸೇರಿಸುವುದು. ‘ನೆಲ’ದ ಮೇಲಿದ್ದ ಆರೋಪ ಕಾಗದದ ಮೇಲೆ ‘ಬೀಜ’ಕ್ಕೆ ಸರಿದದ್ದು ಇದರಿಂದ. ವೀರ್ಯ ಪರೀಕ್ಷೆ ಎಲ್ಲಕ್ಕಿಂತ ಅಗ್ಗದ, ನೋವಿಲ್ಲದ ಪರೀಕ್ಷೆ. ಆದರೂ ಹೆಂಡತಿಯ ಸ್ಕ್ಯಾನಿಂಗ್, ಅಂಡನಾಳದ ಎಕ್ಸ್‌ರೇ ಎಲ್ಲ ಮುಗಿದ ಮೇಲೆ ಗಂಡ ಡಬ್ಬಿ ಹಿಡಿಯುವುದು ಇಂದಿಗೂ ಸಾಮಾನ್ಯ.

ಕರಾವಳಿಯ ಒಳಸುಳಿಗಳು

ಉತ್ತರ ಕನ್ನಡದ ಭಟ್ಕಳ, ಹೊನ್ನಾವರ, ಕುಮಟಾ ತಾಲ್ಲೂಕುಗಳ ಜನ ದೊಡ್ಡ ಚಿಕಿತ್ಸೆಗೆ ದಕ್ಷಿಣಕ್ಕೇ ಹೊರಡುವವರು. 1953ರಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜು ಆರಂಭವಾದ ಮಣಿಪಾಲ ಭಟ್ಕಳದಿಂದ ಸುಮಾರು 90 ಕಿ.ಮೀ.; ಅಲ್ಲಿ ಸಂತಾನ ಚಿಕಿತ್ಸೆಯ ವಿಭಾಗವೂ ಭ್ರೂಣತಜ್ಞರ ತರಬೇತಿಯೂ ಇವೆ. 1998ರಲ್ಲಿ ಕೊಂಕಣ ರೈಲು ಪೂರ್ತಿಯಾದ ಮೇಲೆ ಹಾದಿ ಹಗುರಾಯಿತು. ಆದರೆ ಈ ಚಿಕಿತ್ಸೆ ಒಂದು ಸಲ ಹೋಗಿ ಬರುವಂಥದ್ದಲ್ಲ. ಹತ್ತು ಹನ್ನೆರಡು ದಿನ ಚುಚ್ಚುಮದ್ದು, ನಡುನಡುವೆ ಸ್ಕ್ಯಾನಿಂಗ್, ಕೊನೆಯ ಸೂಜಿಯಿಂದ ಸುಮಾರು 36 ಗಂಟೆಗೆ ಅಂಡಾಣು ತೆಗೆಯುವುದು, ಮತ್ತೆ ಮೂರರಿಂದ ಐದು ದಿನಕ್ಕೆ ಭ್ರೂಣ ಇಡುವುದು. ಸಂಬಂಧಿಕರ ಕಣ್ಣು ತಪ್ಪಿಸಿ ಇಷ್ಟು ಓಡಾಡುವುದು ಸಣ್ಣ ಊರಿನಲ್ಲಿ ಸುಲಭವಲ್ಲ.

ಭಟ್ಕಳದ ನವಾಯತ ಮುಸ್ಲಿಮರಲ್ಲಿ ಅನೇಕ ಗಂಡಸರ ದುಡಿಮೆ ದುಬೈ, ಸೌದಿಗಳಲ್ಲಿ. ಬೋಟಿನವರ ಬಿಡುವು ಜೂನ್, ಜುಲೈ ತಿಂಗಳ ಮೀನುಗಾರಿಕೆ ನಿಷೇಧದ 61 ದಿನಗಳಲ್ಲಿ. ದಂಪತಿ ಕೂಡಿ ಇದ್ದ ತಿಂಗಳುಗಳನ್ನು ಎಣಿಸದೆ ಮದುವೆಯ ವರ್ಷಗಳನ್ನು ಎಣಿಸಿ ‘ಮಕ್ಕಳಾಗಿಲ್ಲ’ ಎನ್ನುವುದು ಇಂಥ ಕಡೆ ತಪ್ಪು ಲೆಕ್ಕ. ವೀರ್ಯವನ್ನು ಹೆಪ್ಪುಗಟ್ಟಿಸಿ ಇಡುವ ಸೌಲಭ್ಯ ರಜೆಯ ತೊಡಕನ್ನು ಒಂದಿಷ್ಟು ಬಿಡಿಸಿದೆ. ಧರ್ಮದ ಪ್ರಶ್ನೆಗೆ ಉತ್ತರ ಮೊದಲೇ ಬಂದಿತ್ತು: 1980ರ ಮಾರ್ಚ್‌ನಲ್ಲಿ ಈಜಿಪ್ಟಿನ ಅಲ್ ಅಝ್ಹರ್ ಹೊರಡಿಸಿದ ಫತ್ವಾ, ಗಂಡ ಹೆಂಡತಿಯರದೇ ಬೀಜಗಳಾದರೆ ಪ್ರನಾಳ ಚಿಕಿತ್ಸೆ ಸಮ್ಮತ ಎಂದಿತು, ದಾನಿಯ ಬೀಜವನ್ನು ಸುನ್ನಿ ವಿದ್ವಾಂಸರಲ್ಲಿ ಬಹುಪಾಲು ಒಪ್ಪುವುದಿಲ್ಲ.

ಇನ್ನೊಂದು ನೆರಳು ಗೇರುತೋಪುಗಳದು. ಅವುಗಳಿಗೆ ಸಿಂಪಡಿಸಿದ ಎಂಡೋಸಲ್ಫಾನ್ ಕೀಟನಾಶಕದ ಸಂತ್ರಸ್ತರು ದಕ್ಷಿಣ ಕನ್ನಡ, ಉಡುಪಿಗಳಂತೆ ಉತ್ತರ ಕನ್ನಡದಲ್ಲೂ ಇದ್ದಾರೆ. ಕಾಸರಗೋಡಿನ ಪಡ್ರೆಯ ಹುಡುಗರ ಮೇಲೆ ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆ ನಡೆಸಿ 2003ರಲ್ಲಿ ಪ್ರಕಟಿಸಿದ ಅಧ್ಯಯನ, ಅವರು ಪ್ರಾಯಕ್ಕೆ ಬರುವುದು ತಡವಾಗಿದ್ದನ್ನೂ ಹಾರ್ಮೋನು ಏರುಪೇರಾಗಿದ್ದನ್ನೂ ಗುರುತಿಸಿತು. ಬಂಜೆತನಕ್ಕೆ ಅದೇ ಕಾರಣವೆಂದು ಆ ಅಧ್ಯಯನ ಹೇಳಲಿಲ್ಲ. 2011ರ ಮೇ 13ರಂದು ಸುಪ್ರೀಂ ಕೋರ್ಟ್ ದೇಶದಾದ್ಯಂತ ಈ ಕೀಟನಾಶಕವನ್ನು ತಡೆಯಿತು.

ಬಾಡಿಗೆ ತಾಯ್ತನ

ಇನ್ನೊಬ್ಬರ ಭ್ರೂಣವನ್ನು ತನ್ನ ಗರ್ಭದಲ್ಲಿ ಹೊತ್ತು ಹೆತ್ತು ಕೊಡುವವಳನ್ನು ಕನ್ನಡ ಪತ್ರಿಕೆಗಳು ‘ಬಾಡಿಗೆ ತಾಯಿ’ ಎಂದವು. ಹೆಸರಿಟ್ಟಾಗ ಅದು ಸರಿಯಾಗಿಯೇ ಇತ್ತು. ಈ ಶತಮಾನದ ಮೊದಲ ದಶಕದಲ್ಲಿ ಗುಜರಾತಿನ ಆಣಂದ್ ವಿದೇಶಿ ದಂಪತಿಗಳ ಊರೇ ಆಗಿತ್ತು. 2008ರಲ್ಲಿ ಜಪಾನಿನ ದಂಪತಿ ವಿಚ್ಛೇದನ ಪಡೆದು, ಆಣಂದ್‌ನಲ್ಲಿ ಹುಟ್ಟಿದ ಅವರ ಮಗು ಯಾರದೆಂಬ ಪ್ರಶ್ನೆ ಸುಪ್ರೀಂ ಕೋರ್ಟ್ ಮುಟ್ಟಿತು. 2015ರಲ್ಲಿ ವಿದೇಶಿಯರಿಗೆ ಬಾಗಿಲು ಮುಚ್ಚಿತು. 2022ರ ಜನವರಿ 25ರಿಂದ ಬಾಡಿಗೆ ತಾಯ್ತನ ನಿಯಂತ್ರಣ ಕಾಯ್ದೆ ಮತ್ತು ಸಂತಾನ ಚಿಕಿತ್ಸೆಯ ಪ್ರತ್ಯೇಕ ಕಾಯ್ದೆ ಜಾರಿಯಲ್ಲಿವೆ. ಈಗ ವೈದ್ಯಕೀಯ ಖರ್ಚು ಮತ್ತು 36 ತಿಂಗಳ ವಿಮೆ ಬಿಟ್ಟು ಕಾಸು ಕೊಡುವಂತಿಲ್ಲ. ವ್ಯಾಪಾರ ನಡೆಸಿದವರಿಗೆ 10 ವರ್ಷದವರೆಗೆ ಸೆರೆ, 10 ಲಕ್ಷ ರೂಪಾಯಿವರೆಗೆ ದಂಡ. ಬಾಡಿಗೆ ಅಪರಾಧವಾದ ಮೇಲೂ ಕನ್ನಡದಲ್ಲಿ ಅವಳು ‘ಬಾಡಿಗೆ’ ತಾಯಿಯಾಗಿಯೇ ಉಳಿದಿದ್ದಾಳೆ.

ಹೊರುವವಳು ಮದುವೆಯಾದವಳಾಗಿ, ತನ್ನದೊಂದು ಮಗು ಇದ್ದವಳಾಗಿ, 25ರಿಂದ 35 ವರ್ಷದೊಳಗಿರಬೇಕು. ಬದುಕಿನಲ್ಲಿ ಒಮ್ಮೆ ಮಾತ್ರ ಅವಕಾಶ. ಮಗು ಬಯಸುವ ದಂಪತಿಯಲ್ಲಿ ಹೆಂಡತಿಗೆ 23ರಿಂದ 50, ಗಂಡನಿಗೆ 26ರಿಂದ 55. ವಿಧವೆ, ವಿಚ್ಛೇದಿತೆಯರಿಗೆ 35ರಿಂದ 45ರವರೆಗೆ ಅವಕಾಶವುಂಟು. ಒಂಟಿ ಗಂಡಸಿಗೆ ಇಲ್ಲ. ಜಿಲ್ಲಾ ವೈದ್ಯಕೀಯ ಮಂಡಳಿಯ ಪ್ರಮಾಣಪತ್ರ, ಮ್ಯಾಜಿಸ್ಟ್ರೇಟರ ಆದೇಶ ಬೇರೆ.

ಈ ವಯಸ್ಸಿನ ಗೆರೆ ಮೊದಲು ಕೊಯ್ದ ಮನೆಗಳಲ್ಲಿ ಒಂದು ಕರ್ನಾಟಕದ್ದು. ಅಪಘಾತದಲ್ಲಿ ಬೆಳೆದ ಮಗನನ್ನು ಕಳೆದುಕೊಂಡ ದಂಪತಿ 2023ರಲ್ಲಿ ಹೈಕೋರ್ಟಿಗೆ ಬಂದರು. ಗಂಡನಿಗೆ 55 ದಾಟಿತ್ತು. ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಅರ್ಜಿಯನ್ನು ನೇರ ತಳ್ಳಿಹಾಕದೆ, ವಂಶವಾಹಿ, ದೇಹಬಲ, ಹಣಬಲ ಎಂಬ ಮೂರು ಪರೀಕ್ಷೆಗಳನ್ನು ಸೂಚಿಸಿದರು. 2024ರ ಫೆಬ್ರವರಿಯಲ್ಲಿ ನಿಯಮ ಸಡಿಲಗೊಂಡು, ಕಾಯಿಲೆಯ ಕಾರಣವಿದ್ದರೆ ಗಂಡ ಹೆಂಡತಿಯರಲ್ಲಿ ಒಬ್ಬರ ಬೀಜಕ್ಕೆ ಬದಲು ದಾನಿಯ ಬೀಜ ಬಳಸಬಹುದೆಂದಾಯಿತು. 2025ರ ಅಕ್ಟೋಬರಿನಲ್ಲಿ ಕರ್ನಾಟಕದವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರಿದ್ದ ಸುಪ್ರೀಂ ಕೋರ್ಟ್ ಪೀಠ, ಕಾಯ್ದೆ ಬರುವ ಮೊದಲೇ ಭ್ರೂಣ ಹೆಪ್ಪುಗಟ್ಟಿಸಿ ಇಟ್ಟವರಿಗೆ ಈ ವಯೋಮಿತಿ ಅನ್ವಯಿಸದು ಎಂದಿತು.

ಖರ್ಚಿನ ಮಾತು ಹಾಗೆಯೇ ಉಳಿದಿದೆ. ಆಯುಷ್ಮಾನ್ ಭಾರತ್ ಯೋಜನೆ ಸಂತಾನ ಚಿಕಿತ್ಸೆಯನ್ನು ಹೊರಗಿಟ್ಟಿದೆ. 2023ರಲ್ಲಿ ಪಕ್ಕದ ಗೋವಾ ಸರಕಾರ ಬಾಂಬೋಲಿಯ ತನ್ನ ವೈದ್ಯಕೀಯ ಕಾಲೇಜಿನಲ್ಲಿ ಉಚಿತ ಪ್ರನಾಳ ಚಿಕಿತ್ಸೆ (ಐವಿಎಫ್) ಆರಂಭಿಸಿತು. ಕಾರವಾರದವರಿಗೆ ಅದು ಬೆಂಗಳೂರಿಗಿಂತಲೂ ಮಣಿಪಾಲಕ್ಕಿಂತಲೂ ಹತ್ತಿರ.