ಬೀಸುವ ಗಾಳಿ, ಬೀಸುವ ಕಲ್ಲು

ಚಿತ್ರದುರ್ಗ, ಗದಗದ ಗುಡ್ಡಗಳ ಮೇಲೆ ಸಾಲಾಗಿ ನಿಂತು ಕರೆಂಟು ತಯಾರಿಸುವ ಯಂತ್ರಗಳನ್ನು ಹಳ್ಳಿಗರು 'ಫ್ಯಾನು' ಅಂದರೆ ಓದಿದವರಿಗೆ ನಗು. ಫ್ಯಾನು ಗಾಳಿ ಕೊಡುವಂಥದ್ದು, ಇದು ಗಾಳಿಯಿಂದಲೇ ತಿರುಗುವಂಥದ್ದು ಎಂದು ಅವರು ತಿದ್ದುತ್ತಾರೆ. 'ವಿಂಡ್‌ಮಿಲ್' ಅಂದವರನ್ನೂ ಬಿಡುವುದಿಲ್ಲ: ಮಿಲ್ ಅಂದಮೇಲೆ ಹಿಟ್ಟು ಬೇಕಲ್ಲ, ಅದೆಲ್ಲಿ? ಕೊನೆಗೆ 'ಪವನ ವಿದ್ಯುತ್ ಉತ್ಪಾದನಾ ಘಟಕ' ಎಂಬ ಮಾರುದ್ದದ ಹೆಸರನ್ನು ಕೈಗಿತ್ತು ಸಮಾಧಾನಪಡುತ್ತಾರೆ. ನನ್ನ ವಾದ ಇಷ್ಟೇ: ಫ್ಯಾನೂ ಸರಿ, ಮಿಲ್ಲೂ ಸರಿ. ಯಾಕೆಂದರೆ ಜನ ಯಂತ್ರಕ್ಕೆ ಹೆಸರಿಡುವುದು ಅದರ ಚಲನೆ ನೋಡಿ, ಅದು ಹೊರಹಾಕುವ ಸರಕು ನೋಡಿ ಅಲ್ಲ.

ಹಿಟ್ಟಿನ ತಕರಾರನ್ನೇ ಮೊದಲು ನೋಡೋಣ. ನೆದರ್ಲೆಂಡ್ಸ್‌ನ ಕಿಂಡರ್‌ಡೈಕ್‌ನಲ್ಲಿರುವ 19 ಗಾಳಿಗಿರಣಿಗಳು 1997ರಲ್ಲಿ ಯುನೆಸ್ಕೋ ಪಟ್ಟಿ ಸೇರಿದವು. ಅವನ್ನು ಕಟ್ಟಿದ್ದು ತಗ್ಗು ನೆಲದ ನೀರನ್ನು ಮೇಲೆತ್ತಿ ಹೊರಹಾಕಲು, ಕಾಳು ಬೀಸಲು ಅಲ್ಲ. 16ನೇ ಶತಮಾನದ ಕೊನೆಗೆ ಅದೇ ದೇಶದಲ್ಲಿ ಗಾಳಿಯ ಬಲದಿಂದ ಮರ ಕೊಯ್ಯುವುದೂ ಶುರುವಾಯಿತು. ಆದರೂ ಡಚ್ಚರು ಎಲ್ಲವನ್ನೂ 'ಮೋಲೆನ್' ಎಂದೇ ಕರೆದರು. ಅಷ್ಟು ದೂರ ಯಾಕೆ? ಬಟ್ಟೆ ಗಿರಣಿಯಲ್ಲಿ ಯಾವ ಹಿಟ್ಟು ಬೀಳುತ್ತದೆ? ಅದಕ್ಕಿಲ್ಲದ ಆಕ್ಷೇಪ ಗಾಳಿಗಿರಣಿಗೆ ಮಾತ್ರ ಯಾಕೆ?

ಇನ್ನು ಫ್ಯಾನಿನ ವಿಚಾರ. ಕನ್ನಡದಲ್ಲಿ ಗಾಳಿ ಬೀಸುತ್ತದೆ, ರಾಗಿಯನ್ನೂ ಬೀಸುತ್ತೇವೆ. ಬೀಸಣಿಗೆಯೂ ಬೀಸುಕಲ್ಲೂ ಒಂದೇ ಮನೆಯ ಮಕ್ಕಳು. ಬಲೆ ಬೀಸುವುದು, ಕತ್ತಿ ಬೀಸುವುದು, ಕೈ ಬೀಸಿ ನಡೆಯುವುದು ಇವುಗಳ ದಾಯಾದಿಗಳು. ಇವೆಲ್ಲದರ ಮೂಲ ತೋಳಿನ ಸುತ್ತು ಎಂಬುದು ನನ್ನ ಸಿದ್ಧಾಂತ. ಎರಡು ಬೇರೆ ಪದಗಳು ಆಕಸ್ಮಿಕವಾಗಿ ಒಂದೇ ರೂಪ ತಾಳಿರಬಹುದಲ್ಲ ಎಂದು ಕೇಳಬಹುದು. ಆದರೆ ತೆಲುಗಿನಲ್ಲೂ ತಿರಗಲಿ, ಅಂದರೆ ಬೀಸುಕಲ್ಲು, ಬೀಸುವುದಕ್ಕೂ ಗಾಳಿ ಹಾಕಿಕೊಳ್ಳುವುದಕ್ಕೂ 'ವಿಸರು' ಎಂಬ ಒಂದೇ ಕ್ರಿಯಾಪದವಿದೆ. ಆಕಸ್ಮಿಕ ಎರಡು ಮನೆಗಳಲ್ಲಿ ಒಟ್ಟಿಗೆ ಹುಟ್ಟುವುದು ಅಪರೂಪ. ತಮಿಳಿನ 'ವೀಸು' ಗಾಳಿ, ಬಲೆ, ಕತ್ತಿಗಳಿಗೆ ನಿಂತುಬಿಟ್ಟಿದೆ, ಕಾಳಿನ ತಂಟೆಗೆ ಹೋಗಿಲ್ಲ. ಅಂದರೆ ತೋಳು ಬೀಸುವುದು ಮೊದಲು, ಕಲ್ಲು ಆಮೇಲೆ ಎಂದು ಊಹಿಸಲು ಅಡ್ಡಿಯಿಲ್ಲ. 1605ರ ಸೆರ್ವಾಂಟಿಸ್ ಕಾದಂಬರಿಯ ಡಾನ್ ಕಿಹೋಟೆಗೆ ಗಾಳಿಗಿರಣಿಯ ರೆಕ್ಕೆಗಳು ರಾಕ್ಷಸರ ತೋಳುಗಳಾಗಿ ಕಂಡವು. ಆತ ಹುಚ್ಚನಿರಬಹುದು, ಆದರೆ ಚಲನೆಯನ್ನು ಸರಿಯಾಗಿಯೇ ಗುರುತಿಸಿದ.

ನಮ್ಮಲ್ಲಿ ಗಾಳಿಗಿರಣಿಯೇ ಇರಲಿಲ್ಲ, ಈ ಮಾತೆಲ್ಲ ಎರವಲು ಎಂಬ ಇನ್ನೊಂದು ಆಕ್ಷೇಪವಿದೆ. ಗಿರಣಿ ಇರಲಿಲ್ಲ ನಿಜ, ಆದರೆ ಗಾಳಿಯನ್ನು ಕೆಲಸಕ್ಕೆ ಹಚ್ಚುವುದು ಗೊತ್ತಿತ್ತು. 'ಗಾಳಿ ಬಂದಾಗ ತೂರಿಕೋ' ಎಂಬ ಗಾದೆಯೇ ಸಾಕ್ಷಿ. ಕಣದಲ್ಲಿ ತುಸು ಎತ್ತರಕ್ಕೆ ನಿಂತು ಮೊರದಿಂದ ರಾಶಿಯನ್ನು ಸುರಿದರೆ ಕಾಳು ನೇರ ಬೀಳುತ್ತದೆ, ಹೊಟ್ಟು ಪಕ್ಕಕ್ಕೆ ಹಾರುತ್ತದೆ. ಅದಕ್ಕೆ ಹದವಾದ ಗಾಳಿ ಬೇಕು, ಅದು ಯಾರ ಅಪ್ಪಣೆಗೂ ಕಾಯುವುದಿಲ್ಲ. ಗಾಳಿ ಬಂದ ಹೊತ್ತಿಗೆ ಒಕ್ಕಣೆ ಮುಗಿದಿರಬೇಕು, ಮೊರ ಕೈಯಲ್ಲಿರಬೇಕು. ಅಂದರೆ ಈ ಗಾದೆ ಸಿದ್ಧತೆಯ ಪಾಠ. ಇವತ್ತು ಅದನ್ನು ಪಕ್ಷ ಬದಲಿಸುವವರ ಸುದ್ದಿಗೆ ತಲೆಬರಹವಾಗಿಸಿ ಸಮಯಸಾಧಕತನಕ್ಕೆ ಇಳಿಸಿದ್ದೇವೆ. ಕಣದಲ್ಲಿ ಬೆವರು ಸುರಿಸಿದವನಿಗೆ ಇದಕ್ಕಿಂತ ಅವಮಾನ ಬೇಕೆ? ಗಾದೆಯ ಹಳೆಯ ಅರ್ಥಕ್ಕೆ ಇವತ್ತು ನಿಷ್ಠವಾಗಿರುವುದು ಗುಡ್ಡದ ಮೇಲಿನ ಯಂತ್ರ: ಮುಂಗಾರಿನ ತಿಂಗಳುಗಳಲ್ಲಿ ಗಾಳಿ ಜೋರಾದಾಗ ಹೆಚ್ಚು ವಿದ್ಯುತ್ ಕೊಡುತ್ತದೆ, ಗಾಳಿ ಬಿದ್ದಾಗ ಸುಮ್ಮನಿರುತ್ತದೆ.

ಕಚೇರಿಯ ಕಡತಕ್ಕೆ ಉದ್ದನೆಯ ಹೆಸರು ಬೇಕೆಂದರೆ ಇರಲಿ, ಅಲ್ಲಿ ಕರಾರುವಾಕ್ಕು ಬೇಕಾಗುತ್ತದೆ. ಆಡುಮಾತಿಗೆ ಅದನ್ನು ಹೇರುವುದು ಬೇಡ. ಫ್ಯಾನು ಅನ್ನುವವರು ಅನ್ನಲಿ, ಗಾಳಿಗಿರಣಿ ಅನ್ನುವವರು ಅನ್ನಲಿ. ತಿದ್ದಲು ಹೊರಟವರು ಮೊದಲು ಕನ್ನಡದ 'ಬೀಸು' ಎಷ್ಟು ಅಗಲವಾದ ಪದ ಎಂದು ನಿಘಂಟು ತೆರೆದು ನೋಡಿಕೊಳ್ಳಲಿ.