ಸೋಂಕು

ಸೋಂಕು (ಕ್ರಿ.) ತಾಕು, ಮುಟ್ಟು, (ನಾ.) ಸ್ಪರ್ಶ, ರೋಗ ತಗಲುವಿಕೆ.

ಸಂಸ್ಕೃತದಿಂದ ಬಂದದ್ದಲ್ಲ, ದೇಸಿ ಪದ. ತೆಲುಗಿನ ‘ಸೋಕು’ ಇದರ ಒಡಹುಟ್ಟು. ಕನ್ನಡದಲ್ಲೂ ಸೊನ್ನೆ ಬಿಟ್ಟು ‘ಸೋಕು’ ಎನ್ನುವುದುಂಟು: ‘ಬಿಸಿಲು ಸೋಕದ ಮೈ’. ಹಳ್ಳಿಯಲ್ಲಿ ‘ಅವಳಿಗೆ ಗಾಳಿ ಸೋಕಿದೆ’ ಎಂದರೆ ದೆವ್ವ ಮೆಟ್ಟಿಕೊಂಡಿದೆ ಎಂದರ್ಥ. ಕೋವಿಡ್ ಹರಡಿದ 2020ರಲ್ಲಿ ಪತ್ರಿಕೆಗಳಲ್ಲಿ ದಿನವೂ ಕಂಡ ‘ಸೋಂಕಿತ’, ಕನ್ನಡ ಧಾತುವಿಗೆ ಸಂಸ್ಕೃತದ ‘ಇತ’ ಹಚ್ಚಿದ ಬೆರಕೆ ಪದ. ವ್ಯಾಕರಣದವರು ಮೂಗು ಮುರಿದರೂ ಜನರ ಬಾಯಲ್ಲಿ ನಿಂತಿತು.

ಮೂಲಾರ್ಥ ಮುಟ್ಟುವುದೇ ಆದರೂ ಕೋವಿಡ್‌ನಂಥ ಸೋಂಕಿಗೆ ಮುಟ್ಟಬೇಕೆಂದೇನಿಲ್ಲ. ಮಾತು, ಹಾಡು, ಕೆಮ್ಮು, ಬರಿಯ ಉಸಿರಿನಲ್ಲೂ ಹೊರಬೀಳುವ ಸೂಕ್ಷ್ಮ ಕಣಗಳು ವೈರಾಣು ಹೊತ್ತು ಮುಚ್ಚಿದ ಕೋಣೆಯಲ್ಲಿ ಅಗರಬತ್ತಿಯ ಹೊಗೆಯಂತೆ ತೇಲುತ್ತವೆ. ದಡಾರದ ವೈರಾಣು ರೋಗಿ ಎದ್ದುಹೋದ ಮೇಲೂ 2 ಗಂಟೆಯವರೆಗೆ ಅಲ್ಲಿ ಉಳಿಯಬಲ್ಲದು. ಕೋವಿಡ್ ಗಾಳಿಯಿಂದ ಹರಡುವುದಿಲ್ಲ ಎಂದು 2020ರ ಮಾರ್ಚ್‌ನಲ್ಲಿ ಹೇಳಿದ್ದ ವಿಶ್ವ ಆರೋಗ್ಯ ಸಂಸ್ಥೆ, 2024ರ ಏಪ್ರಿಲ್‌ನಲ್ಲಿ ‘ಗಾಳಿಯ ಮೂಲಕ ಹರಡುವಿಕೆ’ಗೆ ಹೊಸ ಪರಿಭಾಷೆಯನ್ನೇ ಪ್ರಕಟಿಸಿತು.

ತಡೆಯುವ ದಾರಿ ಸರಳ. ಎದುರುಬದುರು ಕಿಟಕಿ ತೆರೆದರೆ ಗಾಳಿ ಹಾಯುತ್ತದೆ. ಎಕ್ಸಾಸ್ಟ್ ಫ್ಯಾನ್ ಒಳಗಿನದನ್ನು ಹೊರದೂಡುತ್ತದೆ. ಕಿಟಕಿ ಮುಚ್ಚಿದ ಕೋಣೆಯಲ್ಲಿ ಸೀಲಿಂಗ್ ಫ್ಯಾನ್ ಇದ್ದ ಗಾಳಿಯನ್ನೇ ಕಲಕುತ್ತದೆ. ಸಾಮಾನ್ಯ ಸ್ಪ್ಲಿಟ್ ಎಸಿಯೂ ಅದನ್ನೇ ತಣಿಸಿ ಸುತ್ತಿಸುತ್ತದೆ. ಕಿಟಕಿ ತೆರೆಯಲಾಗದ ಕಡೆ ಹೆಪಾ ಫಿಲ್ಟರ್ ಇರುವ ಏರ್ ಪ್ಯೂರಿಫೈಯರ್, ಮುಖಕ್ಕೆ ಸರಿಯಾಗಿ ಕೂರುವ ಎನ್95 ಮಾಸ್ಕ್ ಆಸರೆ.